ಬೀಜಕ್ಕಿಂತ ಮೊದಲು ಕಳೆಗೆ ನೀರು ಹಾಯಿಸಿದೆ

ಮೊದಲ ವರ್ಷ ದನದ ಮೇವಿಗೆ ಕುದುರೆ ಮೆಂತೆ, ಅಂದರೆ ಲೂಸರ್ನ್, ಹಾಕಿದಾಗ ನನಗೆ ಬಂದದ್ದು ಭರ್ಜರಿ ಕೀರೆ ಬೆಳೆ. ಉತ್ತು ಹದ ಮಾಡಿದ ಮರುದಿನವೇ ಬಿತ್ತಿದ್ದೆ. ತಿಂಗಳಾಗುವಷ್ಟರಲ್ಲಿ ಕಳೆ ಮೊಣಕಾಲುದ್ದ, ಲೂಸರ್ನ್ ಬೆರಳುದ್ದ. ಕೀಳಲು ಹೋದರೆ ಕಳೆ ಜೊತೆ ಸಸಿಯೂ ಬಂದುಬಿಡುತ್ತಿತ್ತು. ಕೊನೆಗೆ ಎಲ್ಲವನ್ನೂ ಉತ್ತು ಮುಚ್ಚಿದೆ.

ತಪ್ಪು ಬೀಜದ್ದಲ್ಲ, ನನ್ನ ಆತುರದ್ದು. ಲೂಸರ್ನ್ ಬೀಜ ಸಾವಿರ ಕಾಳು ಸೇರಿದರೂ ಸುಮಾರು 2 ಗ್ರಾಂ ಅಷ್ಟೇ. ಶುರುವಿನಲ್ಲಿ ಅದು ಬೇರು ಇಳಿಸುವುದರಲ್ಲೇ ಮುಳುಗಿರುತ್ತದೆ. ಆಗ ಮೇಲೆ ನೆರಳು ಬಿದ್ದರೆ ಮುಗೀತು.

ಮುಂದಿನ ಸಲ ಬಿತ್ತನೆಯನ್ನು ಮೂರು ವಾರ ತಡ ಮಾಡಿದೆ. ಮಣ್ಣು ಪುಡಿ ಮಾಡಿ, ಮಟ್ಟ ಮಾಡಿ, ಬೀಜ ಹಾಕದೆ ಬರೀ ನೀರು ಕೊಟ್ಟೆ. ನೋಡಿದವರು ‘ಕಳೆಗೆ ನೀರು ಹಾಯಿಸ್ತಿದ್ದೀಯಾ?’ ಅಂತ ನಕ್ಕರು. ಹೌದು, ನನಗೆ ಬೇಕಿದ್ದದ್ದೂ ಅದೇ. ಹತ್ತು ದಿನಕ್ಕೆ ನೆಲ ಹಸಿರಾಯಿತು. ಇನ್ನೂ ಎರಡೆಲೆ ಇರುವಾಗಲೇ, ಬಿಸಿಲು ಜೋರಿದ್ದ ದಿನ ನೋಡಿ ಕುಂಟೆ ಹೊಡೆದೆ. ಸಂಜೆಗೆಲ್ಲ ಬಾಡಿತ್ತು. ಮತ್ತೆ ನೀರು, ಮತ್ತೆ ಕುಂಟೆ. ಎರಡನೇ ಸಲ ಹುಟ್ಟಿದ್ದು ಮೊದಲಿನ ಅರ್ಧವೂ ಇರಲಿಲ್ಲ.

ಕುಂಟೆ ಮೇಲುಮೇಲೆ, 3 ಸೆಂ.ಮೀ. ಒಳಗೇ ಓಡಬೇಕು. ಒಂದು ಮೂಲೆಯಲ್ಲಿ ಅದು ಆಳಕ್ಕೆ ಕಚ್ಚಿತು. ಕೆಳಗೆ ಮಲಗಿದ್ದ ಕಳೆ ಬೀಜವೆಲ್ಲ ಮೇಲೆ ಬಂದು, ಆ ಮೂಲೆ ಕೊನೆವರೆಗೂ ನನ್ನನ್ನು ಕಾಡಿತು. ಗರಿಕೆ, ಕೊನ್ನಾರಿಗೆ ಈ ಉಪಾಯ ನಡೆಯಲ್ಲ. ಕುಂಟೆಗೆ ಸಿಕ್ಕ ಗರಿಕೆ ತುಂಡು ತುಂಡಾಗಿ ಜಾಸ್ತಿಯೇ ಆಗುತ್ತದೆ, ಕೊನ್ನಾರಿ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಅವನ್ನು ಮೊದಲೇ ಅಗೆದು ಆಯ್ದಿದ್ದೆ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ.

ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನ ಗಂಟಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ, ಲೇಪಿಸಿ, 30 ಸೆಂ.ಮೀ. ಅಂತರದ ಸಾಲಲ್ಲಿ, ಒಂದು ಸೆಂ.ಮೀ. ಆಳಕ್ಕೆ ಬಿತ್ತಿ ಮಣ್ಣು ಒತ್ತಿದೆ. ಸಾಲಿದ್ದರೆ ನಡುವೆ ಎಡೆ ಹೊಡೆಯಬಹುದು, ಚೆಲ್ಲಿದರೆ ಆಗಲ್ಲ ಅಲ್ವಾ?

ಕಳೆ ತೆಗೆಯುವಾಗ ಕೂತು ಸಸಿ ನೋಡಿದೆ. ಮೊದಲು ಉದ್ದನೆಯ ಎರಡು ಬೀಜದೆಲೆ. ಆಮೇಲೆ ಬರುವುದು ಒಂದೇ ಒಂದು ದುಂಡನೆಯ ಎಲೆ. ಮೂರೆಲೆಯ ಗೊಂಚಲು ಅದಾದ ಮೇಲೆಯೇ. ಹಿಂದಿನ ವರ್ಷ ಈ ಒಂಟಿ ಎಲೆಯನ್ನು ಕಳೆ ಅಂದುಕೊಂಡು ಎಷ್ಟು ಕಿತ್ತಿದ್ದೆನೋ!

ಐದು ವಾರಕ್ಕೆ ಸಾಲಿನೊಳಗೆ ಅಲ್ಲಲ್ಲಿ ಕೀರೆ ತಲೆ ಎತ್ತಿತು. ಕೀಳಲಿಲ್ಲ. 10 ಸೆಂ.ಮೀ. ಬಿಟ್ಟು ಕುಡುಗೋಲಿನಲ್ಲಿ ಸವರಿದೆ. ಕೀರೆ ಸೊರಗಿತು, ಲೂಸರ್ನ್ ಬುಡದ ಕಣ್ಣುಗಳಿಂದ ಚಿಗುರಿತು. ಆದರೆ ಸವರುವುದು ಒಂದೇ ಸಲ ಸಾಕು, ಬೇರು ಇನ್ನೂ ಎಳೆಯದು. ಸರಿಯಾದ ಮೊದಲ ಕಟಾವಿಗೆ ಹೂ ಕಾಣಿಸುವವರೆಗೆ ಕಾದೆ.

ಒಂದು ಕಡೆ ಮಾತ್ರ ಎಲೆಯಿಲ್ಲದ ಹಳದಿ ದಾರದಂಥ ಕಸ್ಕ್ಯೂಟ ಬಳ್ಳಿ ಸುತ್ತಿಕೊಂಡಿತ್ತು, ಬೇರೆ ಗಿಡದ ರಸ ಹೀರಿ ಬದುಕುವ ಕಳೆ ಅದು. ಬೀಜದ ಜೊತೆಯೇ ಬಂದಿರಬೇಕು. ಅದು ಹೂ ಬಿಡುವ ಮೊದಲೇ ಸುತ್ತಲಿನ ಗಿಡ ಸಮೇತ ಕೊಯ್ದು ಸುಟ್ಟೆ. ಆ ಜಾಗ ಈಗಲೂ ಬೋಳು. ಅದರ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ, ಹಾಗಾಗಿ ಲೂಸರ್ನ್ ಮತ್ತೆ ಹಾಕುವ ಧೈರ್ಯ ಇಲ್ಲ. ಮೇವಿನ ಜೋಳ ಬಿತ್ತೋಣ ಅಂತಿದ್ದೇನೆ, ಹುಲ್ಲಿನ ಜಾತಿಗೆ ಕಸ್ಕ್ಯೂಟ ಅಷ್ಟಾಗಿ ಅಂಟುವುದಿಲ್ಲ.