ಪಿಕಪ್‌ಗೆ ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್: ವೈರಿಂಗ್ ಹೀಗೆ ಮಾಡಿ

ಫ್ಯಾನ್ ಕೂರಿಸುವುದು ದೊಡ್ಡ ಕೆಲಸ ಅಲ್ಲ. ಆಮೇಲೆ ತೊಂದರೆ ಕೊಡುವುದು ವೈರಿಂಗ್. ತೆಳು ವೈರು, ಪೇಂಟ್ ಮೇಲೇ ಬಿಗಿದ ಅರ್ಥ್, ಫ್ಯೂಸ್ ಇಲ್ಲದ ಲೈನು, ಇಷ್ಟಿದ್ದರೆ ಎಷ್ಟು ಒಳ್ಳೆ ಫ್ಯಾನ್ ಹಾಕಿದರೂ ಸುಮ್ನೆ ದುಡ್ಡು ದಂಡ.

ಇದೆಲ್ಲ 12 ವೋಲ್ಟಿನ ಪಿಕಪ್‌ಗೆ ಹೇಳುತ್ತಿರುವುದು. 24 ವೋಲ್ಟಿನ ದೊಡ್ಡ ಲಾರಿಗೆ ದಯವಿಟ್ಟು ಮಾಡಬೇಡಿ. ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವಾಗ ಗಾಡಿ ನಿಧಾನ, ಎದುರುಗಾಳಿ ಇರಲ್ಲ, ಆಗ ಇಂಜಿನ್ನೇ ತಿರುಗಿಸುವ ಫ್ಯಾನ್ ಎಳೆಯುವಷ್ಟು ಗಾಳಿಯನ್ನು ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಿಕ್ ಫ್ಯಾನ್ ಎಳೆಯಲ್ಲ.

ಮೊದಲು ಫ್ಯಾನ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಡಿಸಿ ಕ್ಲಾಂಪ್ ಮೀಟರ್‌ನಲ್ಲಿ (ವೈರಿನ ಸುತ್ತ ಹಿಡಿದರೆ ಕರೆಂಟ್ ತೋರಿಸುವ ಮೀಟರ್) ನೋಡಿ. 16 ಇಂಚಿನದು 20–25 ಆಂಪ್ ಎಳೆಯಬಹುದು, ಸ್ಟಾರ್ಟ್ ಆಗುವ ಕ್ಷಣ ಅದರ ಎರಡು ಮೂರು ಪಟ್ಟು. ಆಲ್ಟರ್ನೇಟರ್ ಐಡಲ್‌ನಲ್ಲಿ ಇದನ್ನೂ ಹೆಡ್‌ಲೈಟನ್ನೂ ಒಟ್ಟಿಗೆ ತಡೆಯಬೇಕು, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಇಷ್ಟು ಕರೆಂಟ್ ಇಗ್ನಿಷನ್ ಸ್ವಿಚ್ ಮೂಲಕವಾಗಲಿ, ಇಂಜಿನ್ ನೀರು ಬಿಸಿಯಾದಾಗ ತಾನೇ ಆನ್ ಆಗುವ ಥರ್ಮೋ ಸ್ವಿಚ್ ಮೂಲಕವಾಗಲಿ ಹೋಗಲೇಬಾರದು. ಅದಕ್ಕೇ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. 12 ವೋಲ್ಟ್, 40 ಆಂಪಿನ ನಾಲ್ಕು ಪಿನ್ನಿನದು ತಗೊಳ್ಳಿ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ. ಬ್ಯಾಟರಿ ಪ್ಲಸ್‌ನಿಂದ 40 ಆಂಪ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ರಿಂದ ಫ್ಯಾನಿನ ಪ್ಲಸ್‌ಗೆ. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರು. 85ರಿಂದ ಥರ್ಮೋ ಸ್ವಿಚ್‌ಗೆ, ಅದರ ಇನ್ನೊಂದು ತುದಿ ಅರ್ಥ್‌ಗೆ. 85, 86ರ ನಡುವೆ ಇರುವ ರಿಲೇ ಕಾಯಿಲ್ ಎಳೆಯುವುದು ಕಾಲು ಆಂಪೂ ಇಲ್ಲ, ಆ ಎರಡು ಪಿನ್ನಿಗೆ ಸಣ್ಣ ವೈರು ಸಾಕು. ಫ್ಯೂಸ್ ಮಾತ್ರ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಒಂದು ಗೇಣಿಗಿಂತ ದೂರ ಬೇಡ. ಬ್ಯಾಟರಿಗೂ ಫ್ಯೂಸಿಗೂ ನಡುವೆ ವೈರು ಸವೆದು ಬಾಡಿಗೆ ತಾಗಿದರೆ ಬೆಂಕಿ ತಡೆಯಲು ಏನೂ ಇರಲ್ಲ.

ವೈರಿನ ವಿಷಯದಲ್ಲಿ ಜಿಪುಣತನ ಬೇಡ. ಹೋಗಿ ಬರಲು ಒಟ್ಟು 6 ಮೀಟರ್ ಆಯಿತು ಅನ್ನಿ. 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 25 ಆಂಪಿಗೆ ಒಂದು ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. 6 ಚದರ ಮಿ.ಮೀ. ಹಾಕಿದರೆ ಅರ್ಧ ವೋಲ್ಟಿನ ಒಳಗೆ ನಿಲ್ಲುತ್ತದೆ. ಅರ್ಥ್ ವೈರೂ ಅಷ್ಟೇ ದಪ್ಪ ಇರಬೇಕು, ನೇರ ಬ್ಯಾಟರಿ ಮೈನಸ್‌ಗೇ ಹೋದರೆ ಇನ್ನೂ ಒಳ್ಳೆಯದು. ಚಾಸಿಗೆ ಕೊಡುವುದಾದರೆ ಪೇಂಟ್ ಕೆರೆದು, ಕಬ್ಬಿಣ ಹೊಳೆಯುವ ಹಾಗೆ ಮಾಡಿ ಬೋಲ್ಟ್ ಬಿಗಿಯಿರಿ, ಮೇಲೆ ಗ್ರೀಸ್ ಹಚ್ಚಿ.

ಥರ್ಮೋಸ್ಟಾಟ್ (ಬಿಸಿಯಾದ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆರೆಯುವ ಬಿಸಿಗಿಂತ ಸ್ವಲ್ಪ ಜಾಸ್ತಿ ಬಿಸಿಗೆ ಥರ್ಮೋ ಸ್ವಿಚ್ ಆನ್ ಆಗಬೇಕು. ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆದುಕೊಳ್ಳುವುದಾದರೆ ಫ್ಯಾನ್ 92–95ಕ್ಕೆ ಬರಲಿ. ತೀರಾ ಹತ್ತಿರ ಇಟ್ಟರೆ ಫ್ಯಾನ್ ನಿಲ್ಲುವುದೇ ಇಲ್ಲ. ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ಒಂದೇ ವೈರಿನ ಸ್ವಿಚ್ ತನ್ನ ಮೈಯಿಂದಲೇ ಅರ್ಥ್ ತಗೊಳ್ಳುತ್ತದೆ, ಹಾಗಾಗಿ ಅದನ್ನು ಮೇಲಿನ ಹೋಸ್ ಮಧ್ಯೆ ಅಡಾಪ್ಟರ್ ಹಾಕಿ ಕೂರಿಸಿದರೆ ಎರಡೂ ಕಡೆ ರಬ್ಬರೇ ಇರುವುದರಿಂದ ಅರ್ಥ್ ಸಿಗುವುದೇ ಇಲ್ಲ. ಅಡಾಪ್ಟರ್‌ಗೆ ಬೇರೆ ಅರ್ಥ್ ವೈರು ಕೊಡಿ. ಸ್ವಿಚ್ಚಿನ ಥ್ರೆಡ್ ಮೇಲೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದರೂ ಇದೇ ಕಥೆ.

ಫ್ಯಾನ್ ರೇಡಿಯೇಟರ್‌ನ ಹಿಂದೆ ಇದ್ದರೆ ಗಾಳಿಯನ್ನು ಇಂಜಿನ್ ಕಡೆಗೆ ಎಳೆಯಬೇಕು. ಗ್ರಿಲ್ ಮುಂದೆ ಒಂದು ಪೇಪರ್ ಹಿಡಿಯಿರಿ, ಅಂಟಿಕೊಂಡರೆ ಸರಿ. ದೂಡಿದರೆ ಪ್ಲಸ್ ಮೈನಸ್ ಅದಲುಬದಲಾಗಿದೆ ಅಂತ.

ಕೊನೆಗೆ ಇಂಜಿನ್ ಬಿಸಿ ಮಾಡಿ, ಫ್ಯಾನ್ ಓಡುತ್ತಿರುವಾಗಲೇ ಮೀಟರ್ ಇಟ್ಟು ಫ್ಯಾನ್ ಕನೆಕ್ಟರ್‌ನ ವೋಲ್ಟೇಜನ್ನೂ ಬ್ಯಾಟರಿಯದನ್ನೂ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ಕ್ರಿಂಪ್ (ವೈರಿನ ತುದಿಗೆ ಒತ್ತಿ ಕೂರಿಸಿದ ಟರ್ಮಿನಲ್), ಫ್ಯೂಸ್ ಹೋಲ್ಡರ್, ಅರ್ಥ್ ಒಂದೊಂದಾಗಿ ನೋಡಿ, ಎಲ್ಲಿ ಕೈಗೆ ಬಿಸಿ ತಾಗುತ್ತದೋ ಅಲ್ಲೇ ಸಮಸ್ಯೆ. ಜೊತೆಗೆ 85ರಿಂದ ಒಂದು ಸಣ್ಣ ವೈರು ಕ್ಯಾಬಿನ್‌ಗೆ ಎಳೆದು, ಅರ್ಥ್‌ಗೆ ಕೊಡುವ ಸ್ವಿಚ್ ಹಾಕಿ. ಥರ್ಮೋ ಸ್ವಿಚ್ ಕೈಕೊಟ್ಟರೆ, ಅಥವಾ ಘಾಟಿ ಹತ್ತುವ ಮುಂಚೆಯೇ ಫ್ಯಾನ್ ಬೇಕೆನಿಸಿದರೆ, ಸೀಟಿನಿಂದಲೇ ಆನ್ ಮಾಡಬಹುದು.