ಚಲನೆ ಪತ್ತೆ ಮಾಡುವ ಅಲ್ಟ್ರಾಸಾನಿಕ್ ಸರ್ಕ್ಯೂಟ್ ಕೈಕೊಟ್ಟಾಗ

ಮನೆಯಲ್ಲೇ ಜೋಡಿಸಿದ ಅಲ್ಟ್ರಾಸಾನಿಕ್ ಚಲನೆ ಪತ್ತೆ ಸರ್ಕ್ಯೂಟ್ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕೈಕೊಡುತ್ತದೆ. ಒಂದೋ ಎದುರಿಗೆ ನಿಂತು ಕುಣಿದರೂ ರಿಲೇ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್) ಅಲುಗುವುದಿಲ್ಲ, ಇಲ್ಲವೇ ಕೋಣೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಅದು ಟಕ್ ಟಕ್ ಎನ್ನುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ಹವ್ಯಾಸಿಗಳ ಕೈ ಮೊದಲು ಹೋಗುವುದು ಐಸಿಗಳನ್ನು ಕಿತ್ತು ಹೊಸತು ಹಾಕುವುದರ ಕಡೆಗೆ. ಆದರೆ ಈ ಸರ್ಕ್ಯೂಟ್‌ನಲ್ಲಿ ಐಸಿ ಸುಟ್ಟಿರುವ ಸಂಭವ ಕಡಿಮೆ. ಆವರ್ತನ ಜಾರಿರುವ, ಇಲ್ಲವೇ ವಿದ್ಯುತ್ ಪೂರೈಕೆ ಶುದ್ಧವಾಗಿಲ್ಲದಿರುವ ಸಂಭವವೇ ಹೆಚ್ಚು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಇವೆರಡನ್ನೂ ಹಿಡಿಯಬಹುದು. ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲದು.

ಪರಿಶೀಲನೆಗೆ ತೊಡಗುವ ಮೊದಲು ಸರ್ಕ್ಯೂಟ್ ಏನನ್ನು ಹುಡುಕುತ್ತಿದೆ ಎಂಬುದು ತಿಳಿದಿರಬೇಕು. ಪ್ರೇಷಕದಿಂದ, ಅಂದರೆ ಧ್ವನಿ ಕಳಿಸುವ ಭಾಗದಿಂದ, ಹೊರಡುವ 40 ಕಿಲೋಹರ್ಟ್ಸ್ ಧ್ವನಿ ನಮ್ಮ ಕಿವಿಗೆ ಕೇಳಿಸದು. ನಮ್ಮ ಶ್ರವಣದ ಮಿತಿ ಸುಮಾರು 20 ಕಿಲೋಹರ್ಟ್ಸ್. ಕದಲದ ಗೋಡೆ, ಬೀರು, ಮೇಜುಗಳಿಂದ ಈ ಧ್ವನಿ ಅದೇ ಆವರ್ತನದಲ್ಲಿ ಮರಳಿದರೆ, ನಡೆಯುವ ವ್ಯಕ್ತಿಯ ಮೈಗೆ ತಾಗಿ ಬರುವ ಧ್ವನಿಯ ಆವರ್ತನ ಡಾಪ್ಲರ್ ಪರಿಣಾಮದಿಂದಾಗಿ ಕೊಂಚ ಬದಲಾಗಿರುತ್ತದೆ. ಗಾಳಿಯಲ್ಲಿ ಶಬ್ದದ ವೇಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್ ಆದ್ದರಿಂದ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೇರವಾಗಿ ಎದುರು ಬರುವವರಿಂದ ಉಂಟಾಗುವ ವ್ಯತ್ಯಾಸ ಸುಮಾರು 230 ಹರ್ಟ್ಸ್. ಪ್ರೇಷಕದಿಂದ ನೇರವಾಗಿ ಸೋರಿ ಬಂದ ಧ್ವನಿ ಮತ್ತು ಬದಲಾದ ಪ್ರತಿಧ್ವನಿ, ಧ್ವನಿ ಹಿಡಿಯುವ ಭಾಗವಾದ ಗ್ರಾಹಕದಲ್ಲಿ ಕೂಡಿದಾಗ ಒಟ್ಟು ಸಂಕೇತದ ಮಟ್ಟ ಇದೇ 230 ಹರ್ಟ್ಸ್ ಲಯದಲ್ಲಿ ಏರಿಳಿಯುತ್ತದೆ. ಮುಂದಿನ ಹಂತದ ಡಯೋಡ್ ಆ ಸಂಕೇತದಿಂದ ಬೇರ್ಪಡಿಸಿ ತೆಗೆಯುವುದು ಈ ಏರಿಳಿತವನ್ನೇ.

ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿರುವುದು ಬಹಳ ಮಂದಿ ಕಟ್ಟುವ ವಿನ್ಯಾಸವನ್ನು. 9 ವೋಲ್ಟ್ ಪೂರೈಕೆ; 40 ಕಿಲೋಹರ್ಟ್ಸ್ ಉತ್ಪಾದಿಸಲು ಒಂದು 555 ಟೈಮರ್ ಐಸಿ; ಎಲ್‌ಎಂ324 ಐಸಿಯ ನಾಲ್ಕು ಆಂಪ್ಲಿಫೈಯರ್‌ಗಳಲ್ಲಿ ಎರಡು 40 ಕಿಲೋಹರ್ಟ್ಸ್ ಸಂಕೇತವನ್ನು ವರ್ಧಿಸಲು, ಡಯೋಡ್‌ನ ನಂತರ ಮೂರನೆಯದು ಡಾಪ್ಲರ್ ಸಂಕೇತವನ್ನು ವರ್ಧಿಸಲು, ನಾಲ್ಕನೆಯದು ಎರಡು ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್ ಆಗಿ; ಕೊನೆಗೆ ಟೈಮರ್ ಆಗಿ ಇನ್ನೊಂದು 555, ಬಿಸಿ547 ಟ್ರಾನ್ಸಿಸ್ಟರ್ ಮತ್ತು ರಿಲೇ. ನಿಮ್ಮ ಬೋರ್ಡಿನಲ್ಲಿ ಐಸಿಗಳು ಬೇರೆ ಇದ್ದರೂ ಪರೀಕ್ಷೆಯ ಕ್ರಮ ಬದಲಾಗದು. ರಿಲೇಯ ಸಂಪರ್ಕಗಳಿಗೆ 230 ವೋಲ್ಟ್ ದೀಪವನ್ನೋ ಗಂಟೆಯನ್ನೋ ಜೋಡಿಸಿದ್ದರೆ ಮೊದಲು ಅದನ್ನು ಬಿಚ್ಚಿಡಿ. ದೋಷ ಹುಡುಕುವಾಗ ಅಲ್ಲೊಂದು ಎಲ್‌ಇಡಿ ಸಾಕು.

ಮೊದಲು ಸೆಲ್‌ಗಳ ಮೇಲೆ ಓಡಿಸಿ

ಅಡಾಪ್ಟರನ್ನು ಬದಿಗಿಟ್ಟು, ಎಎ ಅಳತೆಯ ಆರು ಹೊಸ ಸೆಲ್‌ಗಳನ್ನು ಹೋಲ್ಡರ್‌ನಲ್ಲಿ ಹಾಕಿ ಸರ್ಕ್ಯೂಟ್‌ಗೆ 9 ವೋಲ್ಟ್ ಕೊಡಿ. ಚೌಕಾಕಾರದ ಚಿಕ್ಕ 9 ವೋಲ್ಟ್ ಬ್ಯಾಟರಿ ಇದಕ್ಕೆ ಆಗಿಬರದು, ಏಕೆಂದರೆ ರಿಲೇ ಎಳೆದ ಕ್ಷಣದಲ್ಲೇ ಅದರ ವೋಲ್ಟೇಜ್ ಕುಸಿಯುತ್ತದೆ. ಸೆಲ್‌ಗಳ ಮೇಲೆ ತೆಪ್ಪಗಿದ್ದು ಅಡಾಪ್ಟರ್‌ಗೆ ಹಾಕಿದೊಡನೆ ತಾನಾಗಿ ಬಡಿದುಕೊಳ್ಳುವ ಸರ್ಕ್ಯೂಟ್‌ನಲ್ಲಿ ದೋಷವಿರುವುದು ಅಡಾಪ್ಟರ್‌ನಲ್ಲೇ ಎಂದು ತಿಳಿಯಬಹುದು.

ಕಾರಣ ಕುತೂಹಲಕರವಾಗಿದೆ. ನಮ್ಮ 50 ಹರ್ಟ್ಸ್ ವಿದ್ಯುತ್ತನ್ನು ನಾಲ್ಕು ಡಯೋಡ್‌ಗಳ ಬ್ರಿಡ್ಜ್ ಮೂಲಕ ಡಿಸಿ ಮಾಡಿದಾಗ ಅದರಲ್ಲಿ ಉಳಿಯುವ ಏರಿಳಿತ 100 ಹರ್ಟ್ಸ್. ಡಾಪ್ಲರ್ ಲೆಕ್ಕದಲ್ಲಿ 100 ಹರ್ಟ್ಸ್ ಎಂದರೆ ಸೆಕೆಂಡಿಗೆ ಸುಮಾರು 43 ಸೆಂಟಿಮೀಟರ್ ವೇಗ, ಅಂದರೆ ಯಾರೋ ಮೆಲ್ಲಗೆ ಹೆಜ್ಜೆ ಇಡುತ್ತಿರುವ ವೇಗ. ಕಳ್ಳನನ್ನು ಹಿಡಿಯಲು ಕಟ್ಟಿದ ಫಿಲ್ಟರ್ ಈ ಆವರ್ತನವನ್ನು ತಡೆಯಲಾರದು, ತಡೆದರೆ ಕಳ್ಳನೂ ತಪ್ಪಿಸಿಕೊಳ್ಳುತ್ತಾನೆ. ಆದ್ದರಿಂದ ಏರಿಳಿತವನ್ನು ಮೂಲದಲ್ಲೇ ಅಡಗಿಸಬೇಕು. 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, ಅದರ ನಂತರ 7809 ರೆಗ್ಯುಲೇಟರ್ ಹಾಕಿದರೆ ಸಾಕಾಗುತ್ತದೆ. ರೆಗ್ಯುಲೇಟರ್‌ಗೆ ಒಳಬರುವ ವೋಲ್ಟೇಜ್ ರಿಲೇ ಎಳೆದಾಗಲೂ 11ಕ್ಕಿಂತ ಕೆಳಗಿಳಿಯಬಾರದು. ಇಳಿದರೆ 7809 ಇದ್ದೂ ಇಲ್ಲದಂತೆ.

ಪ್ರೇಷಕ ನಿಜಕ್ಕೂ ಆಂದೋಲಿಸುತ್ತಿದೆಯೇ?

ಅಗ್ಗದ ಮಲ್ಟಿಮೀಟರ್‌ಗಳ ಎಸಿ ರೇಂಜ್ ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ಅಳೆಯುತ್ತದೆ, 40 ಕಿಲೋಹರ್ಟ್ಸ್‌ನಲ್ಲಿ ಅದು ತೋರಿಸುವ ಅಂಕಿಯನ್ನು ನಂಬಬಾರದು. ಬದಲಿಗೆ ಡಿಸಿ ರೇಂಜ್‌ನಲ್ಲೇ ಅಳೆಯಿರಿ. 555ರ ಮೂರನೇ ಪಿನ್‌ನಲ್ಲಿ 4 ವೋಲ್ಟ್ ಆಸುಪಾಸು ಕಂಡರೆ ಅದು ಮೇಲಕ್ಕೂ ಕೆಳಕ್ಕೂ ಹಾರುತ್ತಿದೆ ಎಂದರ್ಥ, ಏಕೆಂದರೆ ಮೀಟರ್ ಸರಾಸರಿಯನ್ನಷ್ಟೇ ತೋರಿಸುತ್ತದೆ. ಸೊನ್ನೆ ಅಥವಾ ಏಳೂವರೆ ವೋಲ್ಟ್ ಕಂಡರೆ ಐಸಿ ಒಂದೇ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ. ಆಗ ನಾಲ್ಕನೇ ಪಿನ್ ಧನಾತ್ಮಕ ಪೂರೈಕೆಗೆ ತಾಗಿದೆಯೇ, ಎರಡು ಮತ್ತು ಆರನೇ ಪಿನ್‌ಗಳು ಪರಸ್ಪರ ಜೋಡಣೆಯಾಗಿವೆಯೇ ಎಂದು ನೋಡಬೇಕು.

ಆಂದೋಲನವಿದೆ, ಆದರೆ ಆವರ್ತನ ಸರಿಯೇ ಎಂಬುದು ಮುಂದಿನ ಪ್ರಶ್ನೆ. 555ರ ಸೂತ್ರದ ಪ್ರಕಾರ, 1 ನ್ಯಾನೋಫ್ಯಾರಡ್ ಕೆಪಾಸಿಟರ್ ಬಳಸಿದಾಗ ಮೊದಲ ರೆಸಿಸ್ಟರ್ ಮತ್ತು ಎರಡನೆಯದರ ಇಮ್ಮಡಿ ಕೂಡಿ 36 ಕಿಲೋಓಮ್ ಆದರೆ 40 ಕಿಲೋಹರ್ಟ್ಸ್ ಸಿಗುತ್ತದೆ. ಮೊದಲನೆಯದು 2.2 ಕಿಲೋಓಮ್, ಎರಡನೆಯದರ ಜಾಗದಲ್ಲಿ 12 ಕಿಲೋಓಮ್ ಜೊತೆ ಸರಣಿಯಲ್ಲಿ 10 ಕಿಲೋಓಮ್ ಪ್ರಿಸೆಟ್ (ತಿರುಪಿನಿಂದ ಬದಲಿಸಬಹುದಾದ ರೆಸಿಸ್ಟರ್) ಇಟ್ಟರೆ, ತಿರುಪಿನ ಈ ತುದಿಯಿಂದ ಆ ತುದಿಗೆ ಸುಮಾರು 31ರಿಂದ 55 ಕಿಲೋಹರ್ಟ್ಸ್‌ವರೆಗೆ ಹೋಗಬಹುದು. ಕೆಪಾಸಿಟರ್ ಮೇಲಿನ ಗುರುತನ್ನು ಭೂತಗನ್ನಡಿ ಹಿಡಿದು ಓದಿ: ಬೇಕಾದುದು 102. ಅಂಗಡಿಯವರು ಬೆರಸಿ ಕೊಟ್ಟ ಪೊಟ್ಟಣದಿಂದ 103 ಕೈಗೆ ಬಂದಿದ್ದರೆ ಆವರ್ತನ 4 ಕಿಲೋಹರ್ಟ್ಸ್‌ಗೆ ಇಳಿದು, ಪ್ರೇಷಕದ ಲೋಹದ ಡಬ್ಬಿಗೆ ಕಿವಿ ಕೊಟ್ಟರೆ ಸಣ್ಣ ಸಿಳ್ಳು ಕೇಳಿಸುತ್ತದೆ. ಏನಾದರೂ ಕೇಳಿಸಿತೆಂದರೆ ಅದು ತಪ್ಪು. ಇನ್ನೊಂದು ಮಾತು: ಅಗ್ಗದ ಡಿಸ್ಕ್ ಸೆರಾಮಿಕ್ ಕೆಪಾಸಿಟರ್‌ಗಳ ಮೌಲ್ಯ ಕೋಣೆಯ ಬಿಸಿಗೆ ತಕ್ಕಂತೆ ಬದಲಾಗುವುದರಿಂದ ಬೆಳಿಗ್ಗೆ ಹೊಂದಿಸಿದ ಆವರ್ತನ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ, ಈ ಒಂದು ಜಾಗಕ್ಕಾದರೂ ಪಾಲಿಯೆಸ್ಟರ್ ಅಥವಾ ಪಾಲಿಸ್ಟೈರೀನ್ ಬಳಸುವುದು ಲೇಸು.

ಮೊಬೈಲ್ ಫೋನಿನ ಧ್ವನಿವಿಶ್ಲೇಷಕ ಆ್ಯಪ್‌ಗಳಿಂದ 40 ಕಿಲೋಹರ್ಟ್ಸ್ ಹುಡುಕಲು ಹೋಗುವವರಿದ್ದಾರೆ. ಸೆಕೆಂಡಿಗೆ 48,000 ಮಾದರಿ ತೆಗೆಯುವ ಫೋನ್ 24 ಕಿಲೋಹರ್ಟ್ಸ್‌ನ ಆಚೆಗೆ ಏನನ್ನೂ ಕಾಣಲಾರದು.

ಡಬ್ಬಿಗಳ ಗುಟ್ಟು

16 ಮಿಲಿಮೀಟರ್ ವ್ಯಾಸದ ಎರಡು ಲೋಹದ ಡಬ್ಬಿಗಳು ನೋಡಲು ಅವಳಿಗಳಂತಿದ್ದರೂ ಒಂದರ ಮೇಲೆ ಟಿ, ಇನ್ನೊಂದರ ಮೇಲೆ ಆರ್ ಎಂಬ ಗುರುತಿರುತ್ತದೆ. ಟಿ ಪ್ರೇಷಕ, ಆರ್ ಗ್ರಾಹಕ. ಅದಲುಬದಲಾದರೆ ಸರ್ಕ್ಯೂಟ್ ಸಾಯುವುದಿಲ್ಲ, ಮಂಕಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವನ್ನು ಬಿಡಿಯಾಗಿ ಕೊಳ್ಳಬಹುದು, ಹಳೆಯ ಎಚ್‌ಸಿ-ಎಸ್‌ಆರ್04 ದೂರಮಾಪಕ ಮಾಡ್ಯೂಲ್‌ನಿಂದ ಬಿಡಿಸಿಯೂ ತೆಗೆಯಬಹುದು. ಎರಡು ಪಿನ್‌ಗಳಲ್ಲಿ ಒಂದು ಲೋಹದ ಡಬ್ಬಿಗೇ ಅಂಟಿಕೊಂಡಿರುತ್ತದೆ. ಅದನ್ನು ಮೀಟರ್‌ನ ಕಂಟಿನ್ಯುಟಿ ಬಜರ್‌ನಿಂದ ಗುರುತಿಸಿ, ಗ್ರಾಹಕದಲ್ಲಿ ಕಡ್ಡಾಯವಾಗಿ ಗ್ರೌಂಡ್‌ಗೆ ಜೋಡಿಸಿ. ಎರಡು ಪಿನ್‌ಗಳ ನಡುವೆ ರೆಸಿಸ್ಟನ್ಸ್ ಅಳೆದಾಗ ಮೀಟರ್ ತೆರೆದ ತಂತಿಯಂತೆ ತೋರಿಸಿದರೆ ಗಾಬರಿ ಬೇಡ, ಒಳಗಿರುವ ಪೀಜೋ ಬಿಲ್ಲೆಯಲ್ಲಿ ಡಿಸಿ ಹರಿಯುವುದಿಲ್ಲ. ಕೆಪಾಸಿಟರ್ ಅಳೆಯುವ ಮೀಟರ್ ಇದ್ದರೆ 2 ನ್ಯಾನೋಫ್ಯಾರಡ್ ಸುತ್ತಮುತ್ತ ಬರಬೇಕು. ಬೆಸುಗೆ ಹಾಕುವಾಗ ಕಾದ ಕಡ್ಡಿಯನ್ನು ಪಿನ್‌ಗೆ ಹೆಚ್ಚು ಹೊತ್ತು ಒತ್ತಿಹಿಡಿಯಬಾರದು.

ಹೊಂದಿಸುವುದು

ಈ ಡಬ್ಬಿಗಳು 40 ಕಿಲೋಹರ್ಟ್ಸ್‌ನ ಆಚೀಚೆ ಒಂದೆರಡು ಕಿಲೋಹರ್ಟ್ಸ್‌ನಷ್ಟು ಕಿರಿದಾದ ಪಟ್ಟಿಯಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಅಲ್ಲಿಂದ ಜಾರಿದರೆ ಎಷ್ಟು ವರ್ಧಿಸಿದರೂ ವ್ಯರ್ಥ. ಆದ್ದರಿಂದ ಫ್ರೀಕ್ವೆನ್ಸಿ ಮೀಟರ್‌ನಲ್ಲಿ ಸರಿಯಾಗಿ 40.0 ಬರುವಂತೆ ಮಾಡುವುದಕ್ಕಿಂತ, ನಿಮ್ಮ ಕೈಯಲ್ಲಿರುವ ಜೋಡಿ ಎಲ್ಲಿ ಅತಿಹೆಚ್ಚು ಸ್ಪಂದಿಸುತ್ತದೋ ಅಲ್ಲಿಗೆ ತಂದು ನಿಲ್ಲಿಸುವುದು ಮುಖ್ಯ. ಡಬ್ಬಿಗಳನ್ನು ಎದುರುಬದುರಾಗಿ ಒಂದು ಮೀಟರ್ ದೂರದಲ್ಲಿಟ್ಟು, ಡಯೋಡ್‌ನ ನಂತರದ ಕೆಪಾಸಿಟರ್ ಮೇಲೆ ಮೀಟರನ್ನು ಡಿಸಿ ರೇಂಜ್‌ನಲ್ಲಿ ಜೋಡಿಸಿ, ಪ್ರಿಸೆಟ್ಟನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ವೋಲ್ಟೇಜ್ ಥಟ್ಟನೆ ಏರಿ ಮತ್ತೆ ಇಳಿಯುತ್ತದೆ. ಆ ಶಿಖರವೇ ನಮಗೆ ಬೇಕಾದುದು. ಸಾಕಷ್ಟು ದೂರ ತಿರುಗಿಸಿದರೂ ವೋಲ್ಟೇಜ್ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ನಿಂತರೆ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದೆ ಎಂದರ್ಥ. ದೂರ ಹೆಚ್ಚಿಸಿ, ಇಲ್ಲವೇ ಒಂದು ಡಬ್ಬಿಯನ್ನು ಓರೆ ಮಾಡಿ ಮತ್ತೆ ನೋಡಿ.

ಎಲ್ಲಿಯೂ ಏರಿಕೆ ಕಾಣದಿದ್ದರೆ ಆಂಪ್ಲಿಫೈಯರ್ ಕಡೆ ತಿರುಗಬೇಕು. ಎಲ್‌ಎಂ324ರ ಮೊದಲ ಮೂರು ಆಂಪ್ಲಿಫೈಯರ್‌ಗಳ ಔಟ್‌ಪುಟ್‌ನಲ್ಲಿ ಪೂರೈಕೆಯ ಅರ್ಧದಷ್ಟು, ಅಂದರೆ ನಾಲ್ಕೂವರೆ ವೋಲ್ಟ್ ಇರಬೇಕು. ಇಲ್ಲವಾದರೆ ಅರ್ಧ ವೋಲ್ಟೇಜ್ ಕೊಡುವ ರೆಸಿಸ್ಟರ್ ಜೋಡಿಯಲ್ಲೋ ಫೀಡ್‌ಬ್ಯಾಕ್ ರೆಸಿಸ್ಟರ್‌ನಲ್ಲೋ ಬೆಸುಗೆ ಬಿಟ್ಟಿರುತ್ತದೆ. ವಿನ್ಯಾಸದಲ್ಲೇ ಇರುವ ಒಂದು ದೋಷವನ್ನೂ ಇಲ್ಲಿ ಹೇಳಬೇಕು: ಎಲ್‌ಎಂ324 ಅಥವಾ 741ರ ವರ್ಧನೆ ಮತ್ತು ಆವರ್ತನಗಳ ಗುಣಲಬ್ಧ ಸುಮಾರು 1 ಮೆಗಾಹರ್ಟ್ಸ್ ಆದ್ದರಿಂದ 40 ಕಿಲೋಹರ್ಟ್ಸ್‌ನಲ್ಲಿ ಒಂದು ಹಂತದಿಂದ 25 ಪಟ್ಟಿಗಿಂತ ಹೆಚ್ಚು ವರ್ಧನೆ ಸಿಗದು. ನೀವು ನೋಡಿ ಕಟ್ಟಿದ ಸರ್ಕ್ಯೂಟ್ ಚಿತ್ರದಲ್ಲಿ ಒಂದೇ ಹಂತಕ್ಕೆ ನೂರು ಪಟ್ಟು ಬರುವಂತೆ ರೆಸಿಸ್ಟರ್ ಬರೆದಿದ್ದರೆ ಅದು ಕಾಗದದ ಮೇಲಿನ ವರ್ಧನೆ ಮಾತ್ರ. ಟಿಎಲ್082ರಂಥ ಐಸಿ 75 ಪಟ್ಟಿನವರೆಗೆ ಹೋಗಬಲ್ಲದು.

ಸಂಕೇತ ಬರುತ್ತಿರುವುದು ಗಾಳಿಯಲ್ಲೋ ತಂತಿಯಲ್ಲೋ?

ಇದನ್ನು ಬಹಳ ಮಂದಿ ಪರೀಕ್ಷಿಸುವುದೇ ಇಲ್ಲ. ಪ್ರೇಷಕದ ಡಬ್ಬಿಗೆ ಹೋಗುವ ತಂತಿಯನ್ನು ಬಿಚ್ಚಿ. ಡಯೋಡ್ ನಂತರದ ವೋಲ್ಟೇಜ್ ಸೊನ್ನೆಯ ಹತ್ತಿರ ಇಳಿಯಬೇಕು. ಇಳಿಯದಿದ್ದರೆ 555 ಪ್ರತಿ ಬಾರಿ ಸ್ಥಿತಿ ಬದಲಿಸುವಾಗ ಪೂರೈಕೆಯಿಂದ ಎಳೆಯುವ ಪ್ರವಾಹದ ಚುಚ್ಚುಗಳು ತಂತಿಯ ಮೂಲಕವೇ ಗ್ರಾಹಕವನ್ನು ಮುಟ್ಟುತ್ತಿವೆ. 555ರ ಒಂದು ಮತ್ತು ಎಂಟನೇ ಪಿನ್‌ಗಳ ನಡುವೆ 100 ನ್ಯಾನೋಫ್ಯಾರಡ್, ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಹಾಕಿ. ಆಂಪ್ಲಿಫೈಯರ್‌ನ ಪೂರೈಕೆಯನ್ನು 100 ಓಮ್ ರೆಸಿಸ್ಟರ್ ಮತ್ತು ಇನ್ನೊಂದು ಕೆಪಾಸಿಟರ್ ಮೂಲಕ ಬೇರ್ಪಡಿಸಿ. ಗ್ರಾಹಕದ ತಂತಿ ಉದ್ದವಿದ್ದರೆ ಶೀಲ್ಡ್ ತಂತಿ ಬಳಸಿ. ತಂತಿ ಮತ್ತೆ ಜೋಡಿಸಿ, ಪ್ರೇಷಕವನ್ನು ದಪ್ಪ ಬಟ್ಟೆಯಿಂದ ಮುಚ್ಚಿದರೂ ಸಂಕೇತ ಇಳಿಯದಿದ್ದರೆ ಅದು ಪೆಟ್ಟಿಗೆಯ ಗೋಡೆಯ ಕಂಪನದ ಮೂಲಕ ಹಾಯುತ್ತಿದೆ. ಡಬ್ಬಿಗಳನ್ನು ರಬ್ಬರ್ ಉಂಗುರದಲ್ಲಿ ಕೂರಿಸಿ, ನಡುವೆ ಹತ್ತು ಸೆಂಟಿಮೀಟರ್ ಅಂತರ ಬಿಟ್ಟರೆ ಇದು ತಗ್ಗುತ್ತದೆ. ಸೋರಿಕೆ ಪೂರ್ತಿ ಇಲ್ಲವಾಗಬಾರದು ಎಂಬುದನ್ನು ಮಾತ್ರ ಮರೆಯಬಾರದು. ಪ್ರತಿಧ್ವನಿಯ ಜೊತೆ ಕೂಡಲು ಅದು ಸ್ವಲ್ಪ ಬೇಕು.

ಈಗ ಎರಡೂ ಡಬ್ಬಿಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಅರ್ಧ ಮೀಟರ್ ದೂರದಲ್ಲಿ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ನಿಲ್ಲಿಸಿ ಅತಿ ನಿಧಾನವಾಗಿ ಹತ್ತಿರ ಸರಿಸಿ. 40 ಕಿಲೋಹರ್ಟ್ಸ್ ಧ್ವನಿಯ ತರಂಗಾಂತರ ಸುಮಾರು 8.6 ಮಿಲಿಮೀಟರ್, ಪುಸ್ತಕ ಅದರ ಅರ್ಧದಷ್ಟು, ಅಂದರೆ 4.3 ಮಿಲಿಮೀಟರ್ ಸರಿದಾಗಲೆಲ್ಲ ಡಯೋಡ್ ನಂತರದ ವೋಲ್ಟೇಜ್ ಒಂದು ಬಾರಿ ಏರಿ ಒಂದು ಬಾರಿ ಇಳಿಯುತ್ತದೆ. ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಅಂಕಿ ಬದಲಿಸುವುದರಿಂದ ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತ ವೇಗ ಬೇಡ. ಮುಳ್ಳಿನ ಹಳೆಯ ಮೀಟರ್ ಇದ್ದರೆ ಮುಳ್ಳು ಓಲಾಡುವುದೇ ಕಾಣುತ್ತದೆ. ಈ ಏರಿಳಿತ ಕಂಡಿತೆಂದರೆ ಪ್ರೇಷಕ, ಡಬ್ಬಿಗಳು, ಆಂಪ್ಲಿಫೈಯರ್, ಡಯೋಡ್ ಎಲ್ಲವೂ ಸರಿಯಿವೆ. ಇನ್ನು ಹುಡುಕಬೇಕಾದುದು ಮುಂದಿನ ಭಾಗದಲ್ಲಿ ಮಾತ್ರ.

ಡಯೋಡ್‌ನಿಂದ ರಿಲೇವರೆಗೆ

ಡಯೋಡ್‌ನ ನಂತರ 47 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್ ಇದ್ದರೆ ಸುಮಾರು 340 ಹರ್ಟ್ಸ್‌ವರೆಗಿನ ಏರಿಳಿತ ದಾಟುತ್ತದೆ. ಸಹಜ ನಡಿಗೆಗೆ ಅಷ್ಟು ಸಾಕು. 10 ನ್ಯಾನೋ ಬದಲು 1 ಮೈಕ್ರೋಫ್ಯಾರಡ್ ಕೂತಿದ್ದರೆ ಮಿತಿ 3.4 ಹರ್ಟ್ಸ್‌ಗೆ ಇಳಿದು, ಪುಸ್ತಕದ ಪರೀಕ್ಷೆಯಲ್ಲಿ ಪಾಸಾದ ಸರ್ಕ್ಯೂಟ್ ನಡೆಯುವ ಮನುಷ್ಯನಿಗೆ ಕುರುಡಾಗುತ್ತದೆ.

ಮೂರನೇ ಆಂಪ್ಲಿಫೈಯರ್‌ನ ಔಟ್‌ಪುಟ್ಟನ್ನು ಕಿವಿಯಿಂದಲೇ ಪರೀಕ್ಷಿಸಬಹುದು, ಏಕೆಂದರೆ ಡಾಪ್ಲರ್ ಸಂಕೇತ ನಮ್ಮ ಶ್ರವಣದ ವ್ಯಾಪ್ತಿಯಲ್ಲೇ ಇದೆ. ಸೆಲ್‌ಗಳ ಮೇಲೆ ಓಡುತ್ತಿರುವಾಗ 10 ಮೈಕ್ರೋಫ್ಯಾರಡ್ ಮತ್ತು 1 ಕಿಲೋಓಮ್ ಸರಣಿಯಲ್ಲಿ ಹೆಡ್‌ಫೋನ್ ಜೋಡಿಸಿ, ಮುಂದೆ ಕೈ ಬೀಸಿದರೆ ದನಿ ಏರಿ ಇಳಿಯುವುದು ಕೇಳುತ್ತದೆ. ಯಾರೂ ಕದಲದಿದ್ದಾಗಲೂ ಒಂದೇ ಶ್ರುತಿಯ ಗುಂಯ್ ಶಬ್ದವಿದ್ದರೆ ಅದು ಮನೆಯ ವಿದ್ಯುತ್ ತಂತಿಗಳಿಂದ ನುಸುಳಿದ್ದು. ಗ್ರಾಹಕದ ಶೀಲ್ಡ್ ಮತ್ತು ಗ್ರೌಂಡ್ ಜೋಡಣೆಯನ್ನು ಮತ್ತೆ ನೋಡಿ. ಸೀಲಿಂಗ್ ಫ್ಯಾನ್ ಹಾಕಿದೊಡನೆ ದಡಬಡ ಸದ್ದು ಕೇಳಿದರೆ ಸರ್ಕ್ಯೂಟ್‌ನಲ್ಲಿ ದೋಷವೇ ಇಲ್ಲ, ಫ್ಯಾನ್‌ನ ರೆಕ್ಕೆಗಳೂ ಚಲಿಸುವ ವಸ್ತುಗಳೇ. ಅಲುಗುವ ಪರದೆ, ಎಸಿಯ ಗಾಳಿ, ಪಕ್ಕದ ಅಡುಗೆಮನೆಯ ಕುಕ್ಕರ್‌ನ ಹಬೆಯಲ್ಲಿರುವ ಶ್ರವಣಾತೀತ ಸದ್ದು, ಇವೆಲ್ಲ ಇದೇ ಪಟ್ಟಿಗೆ ಸೇರುತ್ತವೆ. ಇವಕ್ಕೆ ಮದ್ದು ಪೆಟ್ಟಿಗೆಯನ್ನು ಬೇರೆ ಜಾಗದಲ್ಲಿಡುವುದು ಮತ್ತು ಕಂಪ್ಯಾರೇಟರ್‌ನ ಪ್ರಿಸೆಟ್ ತಗ್ಗಿಸುವುದು. ಪೆಟ್ಟಿಗೆಯನ್ನು ಜನ ಅದರತ್ತ ನಡೆದು ಬರುವ ದಿಕ್ಕಿಗೆ ಇಡಿ. ಅಡ್ಡಲಾಗಿ ಹಾದುಹೋಗುವವರಿಂದ ಡಾಪ್ಲರ್ ವ್ಯತ್ಯಾಸ ತೀರ ಕಡಿಮೆ.

ಕೊನೆಯದು, ರಿಲೇ ಬಿಟ್ಟ ಮರುಕ್ಷಣ ತಾನೇ ಮತ್ತೆ ಎಳೆದುಕೊಂಡು, ಟೈಮರ್‌ನ ಅವಧಿಗೊಮ್ಮೆ ಹೀಗೆಯೇ ಮುಂದುವರಿಯುವ ದೋಷ. ರಿಲೇ ಬಿಡುವಾಗ ಪೂರೈಕೆಯಲ್ಲಾಗುವ ಜಿಗಿತ ಪ್ರೇಷಕದ ಧ್ವನಿಮಟ್ಟವನ್ನು ಬದಲಿಸುತ್ತದೆ. ಗ್ರಾಹಕ ಅದನ್ನೇ ಚಲನೆಯೆಂದು ತಿಳಿಯುತ್ತದೆ. ರಿಲೇಗೆ ಬೇಕಾದ ವಿದ್ಯುತ್ತನ್ನು 7809ರ ಮುಂಚಿನ ಬಿಂದುವಿನಿಂದ ಕೊಟ್ಟು, ಆ ವೋಲ್ಟೇಜ್‌ಗೆ ತಕ್ಕ 12 ವೋಲ್ಟ್ ರಿಲೇ ಬಳಸಿ, ಸುರುಳಿಯ ಮೇಲೆ 1ಎನ್4007 ಡಯೋಡನ್ನು ಹಿಮ್ಮುಖವಾಗಿ ಹಾಕಿದರೆ ಈ ಚಕ್ರ ಮುರಿಯುತ್ತದೆ. ನಂತರ ಪೆಟ್ಟಿಗೆ ಮುಚ್ಚಿ, ಡಬ್ಬಿಗಳು ತಮ್ಮ ಜಾಗದಲ್ಲಿ ಕೂತ ಮೇಲೆ ಆವರ್ತನದ ಪ್ರಿಸೆಟ್ಟನ್ನು ಇನ್ನೊಮ್ಮೆ ಶಿಖರಕ್ಕೆ ತಂದು, ಅದರ ಮೇಲೆ ಉಗುರುಬಣ್ಣದ ಒಂದು ಹನಿ ಹಾಕಿ ಭದ್ರಪಡಿಸಿ. ಎಲ್‌ಇಡಿಯೊಂದಿಗೆ ಒಂದು ರಾತ್ರಿ, ಒಂದು ಹಗಲು ಸುಳ್ಳು ಸೂಚನೆಯಿಲ್ಲದೆ ಓಡಿದ ನಂತರವೇ ರಿಲೇಗೆ 230 ವೋಲ್ಟ್ ತಂತಿ ಜೋಡಿಸಿ, ಅದೂ ಮೇನ್ ಸ್ವಿಚ್ ಆರಿಸಿ.