ಎರಡು ರಾತ್ರಿಯ ಕೆಲಸದ ಪ್ರವಾಸ: ವಿದೇಶದ ಹೋಟೆಲಿನಲ್ಲಿ ಗಮನಿಸಬೇಕಾದ್ದು

ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ. ವಿಮಾನ ಬೆಳಿಗ್ಗೆ 6ಕ್ಕೇ ಇಳಿಯುವುದಾದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಕಾಯ್ದಿರಿಸಿ, ತಲುಪುವ ಹೊತ್ತನ್ನು ಹೋಟೆಲಿಗೆ ಬರೆದು ತಿಳಿಸಿ. ಇಲ್ಲವಾದರೆ ನೀವು ಬರಲೇ ಇಲ್ಲವೆಂದು ಬುಕಿಂಗ್ ರದ್ದು ಮಾಡಿಬಿಟ್ಟಾರು.

ಹೆಚ್ಚು ಜನ ಎಡವುವುದು ಹಣದ ವಿಷಯದಲ್ಲಿ. ಬಾಡಿಗೆ ಮೊದಲೇ ಕಟ್ಟಿದ್ದರೂ ಅನೇಕ ಕಡೆ ಠೇವಣಿಯೆಂದು ಕಾರ್ಡಿನಲ್ಲಿ ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ಹಣವೇ ಸಿಕ್ಕಿಹಾಕಿಕೊಳ್ಳುತ್ತದೆ. ಕೋಣೆ ಬಿಟ್ಟ ಮೇಲೂ ಅದು ಬಿಡುಗಡೆಯಾಗಲು ಹಲವು ದಿನ ಹಿಡಿಯಬಹುದು. ಆದ್ದರಿಂದ ಕ್ರೆಡಿಟ್ ಕಾರ್ಡನ್ನೇ ಕೊಡಿ. ಬಿಲ್ ಕಟ್ಟುವಾಗ ಯಂತ್ರವು ನಿಮ್ಮ ದೇಶದ ಕರೆನ್ಸಿಯೋ, ಸ್ಥಳೀಯ ಕರೆನ್ಸಿಯೋ ಎಂದು ಕೇಳಿದರೆ ಸ್ಥಳೀಯದನ್ನೇ ಒತ್ತಿ. ಇನ್ನೊಂದರ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಚಾರ್ಜರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಪ್ಲಗ್ ಅಡಾಪ್ಟರ್ ಸಾಕು. ವೋಲ್ಟೇಜ್ ಬೇರೆಯಿರುವ ದೇಶದಲ್ಲಿ ಇಸ್ತ್ರಿಪೆಟ್ಟಿಗೆಗೆ ಸಾಮಾನ್ಯವಾಗಿ ಅಷ್ಟು ಸಾಲದು, ಹೋಟೆಲಿನದನ್ನೇ ಕೇಳಿ ಪಡೆಯಿರಿ. ಕೋಣೆಯಲ್ಲಿ ಮಾರಾಟಕ್ಕೆ ಪಾನೀಯ ಇಟ್ಟಿರುವ ಕೆಲವು ಮಿನಿಬಾರ್‌ಗಳಲ್ಲಿ ಸೆನ್ಸರ್ ಇರುತ್ತದೆ: ಬಾಟಲಿ ಎತ್ತಿದರೆ ಸಾಕು, ಬಿಲ್ಲಿಗೆ ಸೇರುತ್ತದೆ.

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ತರಿಸಿ ನೋಡಿ. ಕಂಪನಿಯ ಹೆಸರು, ವಿಳಾಸ, ತೆರಿಗೆ ಸಂಖ್ಯೆ ಸರಿಯಿದೆಯೇ? ಬೆಳಗಿನ ಸಾಲಿನಲ್ಲಿ ನಿಂತು ತಿದ್ದಿಸುವುದು ಕಷ್ಟ, ಊರಿಗೆ ಮರಳಿದ ಮೇಲಂತೂ ಇನ್ನೂ ಕಷ್ಟ.